ಡ್ರ್ಯಾಗನ್ನಿನ ಹಿಂಗಾಲು

ಬೀದಿಯವರೆಲ್ಲ ಅವನನ್ನು ಹಿಂಗಾಲು ಎಂದೇ ಕರೆಯುತ್ತಿದ್ದರು. ಅದು ಹಳಿಯುವುದಕ್ಕೆ ಇಟ್ಟ ಹೆಸರಲ್ಲ, ವೃತ್ತಿಯಿಂದ ಬಂದ ಹೆಸರು. ನಾಟಕದಲ್ಲಾಗಲಿ ಸಿನಿಮಾದಲ್ಲಾಗಲಿ ಕುದುರೆ ಬೇಕು, ಆದರೆ ಒದೆಯುವ, ಲದ್ದಿ ಹಾಕುವ, ಹೇಳಿದ ಮಾತು ಕೇಳದ ಕುದುರೆ ಬೇಡ ಎಂದಾಗ ಇಬ್ಬರು ಮನುಷ್ಯರು ಒಂದೇ ತೊಗಲಿನೊಳಗೆ ಹೊಕ್ಕು ಆ ಕುದುರೆಯಾಗುತ್ತಾರೆ. ಮುಂದಿನವನು ನೆಟ್ಟಗೆ ನಿಂತು ಮುಂಗಾಲುಗಳನ್ನೂ ಕತ್ತನ್ನೂ ತಲೆಯನ್ನೂ ನಡೆಸುತ್ತಾನೆ. ಹಿಂದಿನವನು ಸೊಂಟ ಬಗ್ಗಿಸಿ, ಮುಂದಿನವನ ಸೊಂಟಪಟ್ಟಿಯನ್ನು ಎರಡೂ ಕೈಗಳಿಂದ ಹಿಡಿದು, ಹಿಂಗಾಲೂ ಬೆನ್ನೂ ಬಾಲವೂ ತಾನೇ ಆಗುತ್ತಾನೆ. ಅಣ್ಣ ಮುಂಗಾಲು, ತಮ್ಮ ಹಿಂಗಾಲು. ಹೀಗೆ ಸೇರಿ ಅವರು ಕುದುರೆಯಾಗಿದ್ದರು, ಕತ್ತೆಯಾಗಿದ್ದರು, ಸಿಂಹವಾಗಿದ್ದರು. ಒಮ್ಮೆ ಒಂಟೆಯಾಗಲು ಹೋಗಿ ಡುಬ್ಬ ಯಾರ ಪಾಲಿಗೆ ಸೇರಬೇಕೆಂಬ ವಿಷಯದಲ್ಲಿ ಇಡೀ ದಿನ ಮಾತು ಬಿಟ್ಟಿದ್ದರು.

ಭಗವಂತನು ಒಬ್ಬೊಬ್ಬನಿಗೆ ಒಂದೊಂದು ಬಗೆಯ ದರ್ಶನವನ್ನು ಕರುಣಿಸಿರುತ್ತಾನೆ. ಹಿಂಗಾಲಿಗೆ ಕರುಣಿಸಿದ್ದು ಅಣ್ಣನ ಹಿಮ್ಮಡಿಗಳ ದರ್ಶನ. ತೊಗಲಿನೊಳಗಿನ ಅರೆಗತ್ತಲೆಯಲ್ಲಿ, ಬಗ್ಗಿದ ಅವನ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ. ರಾಜರು ಬಂದು ಹೋದರು, ಯುದ್ಧಗಳು ನಡೆದವು, ಕೋಟೆಗಳು ಉರಿದವು. ಅವನು ಕಂಡದ್ದು ಎರಡು ಹಿಮ್ಮಡಿ. ಅವು ಏಳುವ ರೀತಿಯಿಂದಲೇ ಎದುರಿಗೆ ಏರಿದೆಯೋ ಇಳಿಜಾರಿದೆಯೋ, ಅಣ್ಣನಿಗೆ ಕೋಪವಿದೆಯೋ ಹಸಿವಿದೆಯೋ ಎಂಬುದನ್ನು ಅವನು ಓದಿಬಿಡುತ್ತಿದ್ದನು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಅಣ್ಣನ ಅಂಗಿಯ ತುದಿಯನ್ನು ಹಿಡಿದವನು, ಅಲ್ಲಿಂದಾಚೆಗೆ ಬಿಟ್ಟನೆಂದು ಹೇಳುವಂತಿಲ್ಲ.

ತೊಗಲಿನೊಳಗೆ ಸಂಭಾಷಣೆಗೆ ಎಡೆಯಿಲ್ಲ. ಸ್ಪಂಜಿನ ಗೋಡೆಗಳು ಮಾತನ್ನು ಕುಡಿದುಬಿಡುತ್ತವೆ. ಆದ್ದರಿಂದ ಅಣ್ಣನು ಕೆಲವೇ ಪದಗಳನ್ನು ಗೊತ್ತು ಮಾಡಿದ್ದನು: ಮುಂದೆ, ಹಿಂದೆ, ತಡಿ, ಕೂರು. ‘ಮುಂದೆ’ ಎಂದರೆ ಹಿಂಗಾಲು ಯೋಚಿಸದೆ ಎದ್ದು ನೂಕಬೇಕು. ಅಲ್ಲಿ ಅರೆಗಳಿಗೆ ಯೋಚಿಸಿದರೂ ನಡು ಜೋತುಬಿದ್ದು ಕುದುರೆಯು ಹಗ್ಗದ ಮಂಚವಾಗಿಬಿಡುತ್ತದೆ. ಆದರೆ ನಮ್ಮ ಭಾಷೆಯಲ್ಲಿ ಆ ಪದವು ಬಹಳ ಹೊರೆ ಹೊತ್ತ ಪದ. ಎದುರಿನ ಜಾಗವೂ ಮುಂದೆ, ಬರಲಿರುವ ಕಾಲವೂ ಮುಂದೆ. ಊಟಕ್ಕೆ ಕುಳಿತಾಗ ಅತ್ತಿಗೆಯು, “ಮುಂದೆ ಏನ್ ಯೋಚನೆ ಮಾಡಿದೀರಿ ಇಬ್ಬರೂ?” ಎಂದು ಕೇಳಿದರೆ ಮೇಜಿನ ಕೆಳಗೆ ಮೈದುನನ ಕಾಲು ತಾನಾಗಿ ಎದ್ದು ಅವಳ ಕಾಲಿಗೆ ತಾಗುತ್ತಿತ್ತು.

“ನೋಡ್ರೀ, ಒದ್ದ ನಿಮ್ಮ ತಮ್ಮ.”

“ಅವನ ತಪ್ಪಲ್ಲ ಬಿಡೇ. ನೀನು ಆ ಮಾತು ಆಡ್ಬಾರ್ದಿತ್ತು.”

ಹೀಗೆ ನಗುತ್ತ ಕಾಲ ಸಾಗಿತ್ತು. ಅಷ್ಟರಲ್ಲಿ ಡ್ರ್ಯಾಗನ್ ಬಂತು.

ಅದೊಂದು ಹಗುರ ಮನಸ್ಸಿನ ಸಿನಿಮಾ. ಕತ್ತಿ ಹಿಡಿದರೆ ಕೈ ನಡುಗುವ ಒಬ್ಬ ಕವಚಧಾರಿ ವೀರ. ನೆಗಡಿ ಹತ್ತಿ ಬೆಂಕಿಯುಗುಳಲಾಗದೆ ಬರಿಯ ಹೊಗೆ ಬಿಡುವ ಒಂದು ಡ್ರ್ಯಾಗನ್. ಒಬ್ಬರಿಗೆ ಇನ್ನೊಬ್ಬರನ್ನು ಕಂಡರೆ ಭಯ. ಕೊನೆಗೆ ಇಬ್ಬರೂ ಸೇರಿ ಕೋಟೆಯನ್ನು ಉಳಿಸುತ್ತಾರೆ. ಸೆಟ್ಟಿನಲ್ಲಿ ಆ ಪ್ರಾಣಿಗೆ ಹೊಗೆಯಪ್ಪ ಎಂದು ಹೆಸರಾಯಿತು. ಅದು ಹಾರುವ ದೃಶ್ಯಗಳನ್ನೆಲ್ಲ ಕಂಪ್ಯೂಟರಿನವರು ಮಾಡುವರು. ಹತ್ತಿರದಿಂದ ನಡೆಯುವ, ಮುಗ್ಗರಿಸುವ, ಸೀನುವ ದೃಶ್ಯಗಳನ್ನು ಅಣ್ಣತಮ್ಮಂದಿರು ಮಾಡುವರು. ನಿರ್ದೇಶಕನು ಚಿಕ್ಕ ವಯಸ್ಸಿನವನು, ಒಳ್ಳೆಯ ಮನಸ್ಸಿನವನು. ಮೊದಲನೆಯ ದಿನವೇ ಅಣ್ಣನ ಕೈ ಹಿಡಿದುಕೊಂಡು ಹೇಳಿದನು: “ಯಜಮಾನ್ರೇ, ನೀವು ಒಳಗಿದ್ರೆ ಅದಕ್ಕೆ ಜೀವ ಇರುತ್ತೆ. ಎಲ್ಲಾನೂ ಕಂಪ್ಯೂಟರಲ್ಲೇ ಮಾಡಿ ಅಂತ ಮೇಲಿನವರು ಹೇಳ್ತಾನೇ ಇದಾರೆ. ನಾನೇ ಹಟ ಹಿಡಿದಿದೀನಿ. ಕಷ್ಟ ಆದ್ರೆ ಹೇಳ್ಬಿಡಿ, ಸಂಕೋಚ ಬೇಡ.”

ಆ ಕೊನೆಯ ಮಾತು ದಯೆಯಿಂದ ಹೊರಟದ್ದು. ಅಣ್ಣನ ಕಿವಿಯಲ್ಲಿ ಬೆದರಿಕೆಯಾಗಿ ಇಳಿಯಿತು. ಇಬ್ಬರು ಸೇರಿ ಒಂದು ಪ್ರಾಣಿಯಾಗುವ ಕೆಲಸವು ಎಲ್ಲೆಲ್ಲಿಯೂ ಮುಗಿಯುತ್ತ ಬಂದಿತ್ತು. ಹೊಗೆಯಪ್ಪನೇ ಬಹುಶಃ ಕೊನೆಯ ಪ್ರಾಣಿ. ಅದನ್ನು ಅರ್ಧಕ್ಕೆ ಬಿಡುವುದೆಂದರೆ ಇಷ್ಟು ಕಾಲ ಮಾಡಿದ್ದೆಲ್ಲವೂ ಅರ್ಧವಾದಂತೆ ಎಂದು ಅವನು ಬಗೆದನು.

ಹಿಂಗಾಲಿಗೆ ವಿಷಯ ತಿಳಿದದ್ದು ತೊಗಲಿನ ಅಳತೆ ನೋಡುವ ದಿನ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅಣ್ಣನ ಬಲ ಹಿಮ್ಮಡಿಯು ನೆಲವನ್ನು ತಡವಾಗಿ ಮುಟ್ಟಿತು. ಮುಟ್ಟಿದ ಮೇಲೆಯೂ, ಬಿಸಿ ಬಾಣಲೆಯ ಮೇಲೆ ಇಟ್ಟಂತೆ ಸಣ್ಣಗೆ ನಡುಗಿತು.

ಹೊರಗೆ ಬಂದು ಬೆವರು ಒರಸಿಕೊಳ್ಳುವಾಗ ಹೇಳಿದನು: “ಅಣ್ಣ, ಬಲಗಾಲು ತಡವಾಗಿ ಊರ್ತಿದೀಯ.”

“ಬೂಟು ಸಡಿಲ.”

“ಬೂಟಲ್ಲ. ಮಂಡಿ.”

“ಯಾವಾಗಿಂದ ಡಾಕ್ಟ್ರಾದೆ ನೀನು? ಹಿಂದೆ ಇರೋನು ಹಿಂದೆ ಇರು.”

“ಹಿಂದೆ ಇರೋದ್ರಿಂದ್ಲೇ ಕಾಣ್ತಿದೆ.”

“ಕಂಡಿದ್ದು ಕಣ್ಣಲ್ಲೇ ಇರ್ಲಿ. ನಿಮ್ಮತ್ತಿಗೆ ಕಿವಿಗೆ ಬಿತ್ತೋ, ನಿನ್ನ ಬಾಲ ಕಿತ್ತು ಕೈಗೆ ಕೊಡ್ತೀನಿ.”

ಹೊರಗಿನ ಜಗತ್ತಿನಲ್ಲಿ ಅಣ್ಣನ ನಡಿಗೆಯಲ್ಲಿ ಕೊರತೆ ಕಾಣುತ್ತಿರಲಿಲ್ಲ. ಎದೆ ಸೆಟೆಸಿ, ಹಲ್ಲು ಕಚ್ಚಿ, ನೋಡುವವರಿದ್ದ ಕಡೆಯಲ್ಲೆಲ್ಲ ಅವನು ನೆಟ್ಟಗೆ ನಡೆಯುತ್ತಿದ್ದನು. ತೊಗಲಿನೊಳಗೆ ಯಾರೂ ನೋಡುತ್ತಿಲ್ಲವೆಂಬ ಧೈರ್ಯದಿಂದ ಕಾಲು ತನ್ನ ನಿಜವನ್ನು ಹೇಳುತ್ತಿತ್ತು. ಆ ನಿಜಕ್ಕೆ ಇದ್ದ ಸಾಕ್ಷಿ ಒಬ್ಬನೇ. ಅವನ ಬಾಯಿಗೆ ಬೀಗ ಬಿದ್ದಿತ್ತು.

ಆದರೂ ಅವನು ಸುಮ್ಮನಿರಲಿಲ್ಲ. ಒಂದು ಬೆಳಗ್ಗೆ, ತಾಲೀಮಿನ ಕೊಠಡಿಯಲ್ಲಿ ಬೇರೆ ಯಾರೂ ಬರುವ ಮೊದಲು ಹೇಳಿದನು: “ನಾನು ಮುಂಗಾಲಾಗ್ತೀನಿ. ನೀನು ಹಿಂದೆ ಬಾ. ಹಿಂದೆ ಮಂಡಿ ಮೇಲೆ ಅಷ್ಟು ಭಾರ ಬೀಳಲ್ಲ.”

ಅಣ್ಣನು ನಕ್ಕನು. ಆದರೆ ಕಾಲು ಅಂದು ಬಹಳ ನೊಂದಿತ್ತೆಂದು ತೋರುತ್ತದೆ, ಒಪ್ಪಿದನು. ತಲೆಯನ್ನು ತಮ್ಮನು ಹೊತ್ತನು. ಡ್ರ್ಯಾಗನ್ನಿನ ಗಂಟಲಿನಲ್ಲಿ ಹೊರಗೆ ನೋಡಲು ಒಂದು ಬಲೆಯ ಕಿಂಡಿ. ಅದರೊಳಗಿಂದ ನೋಡಿದರೆ ಕೊಠಡಿಯು ಅಪಾರವಾಗಿ ಕಂಡಿತು. ಕಿಟಕಿ, ಗೋಡೆ, ಫ್ಯಾನು, ಒರಗಿಸಿಟ್ಟ ಏಣಿ. ಇಷ್ಟರಲ್ಲಿ ಯಾವುದನ್ನು ನೋಡುವುದು, ಯಾವುದನ್ನು ಬಿಡುವುದು? ಒಂದು ಹೆಜ್ಜೆ ಇಟ್ಟು ನಿಂತನು. ಹಿಂದಿನಿಂದ ಅಣ್ಣ, “ನಡಿಯೋ” ಎಂದನು. ಇನ್ನೊಂದು ಹೆಜ್ಜೆ ಇಟ್ಟು ನಿಂತನು.

“ಏನ್ ಕಾಯ್ತಿದೀಯ?”

“ಗೊತ್ತಿಲ್ಲ.”

“ಏನಾದ್ರೂ ಅಡ್ಡ ಇದೆಯಾ?”

“ಏನೂ ಇಲ್ಲ. ಅದೇ ಕಷ್ಟ.”

ಕೊನೆಗೆ ಮನಸ್ಸು ಗಟ್ಟಿಮಾಡಿ ಬಿರಬಿರನೆ ನಡೆದನು. ಕೊಠಡಿಯಲ್ಲಿ ಇದ್ದ ಒಂದೇ ಏಣಿಯನ್ನು ಹುಡುಕಿಕೊಂಡು ಹೋದವನಂತೆ ಅದಕ್ಕೆ ಡಿಕ್ಕಿ ಹೊಡೆದನು. ಹೊಗೆಯಪ್ಪನ ಮೂಗು ಒಳಕ್ಕೆ ಮಡಿಸಿಕೊಂಡಿತು. ಬಾಗಿಲಲ್ಲಿ ಬಂದು ನಿಂತಿದ್ದ ದೀಪದ ಕೆಲಸದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನು ಹೊರಗೆ ಬಂದು, ನೆಗ್ಗಿದ ಮೂಗನ್ನು ಒಳಗಿನಿಂದ ಗುದ್ದಿ ಸರಿಮಾಡುತ್ತ ಹೇಳಿದನು: “ಕಣ್ಣು ಇದ್ರೆ ಸಾಲದು ಕಣೋ, ಅದನ್ನ ಬಳಸಿ ಅಭ್ಯಾಸ ಇರ್ಬೇಕು. ಬಾ, ನಿನ್ನ ಜಾಗಕ್ಕೆ ಬಾ.”

ಉಳಿದವಳು ಅತ್ತಿಗೆ. ಅವಳು ಅದೇ ಸಿನಿಮಾದ ಉಡುಪಿನ ವಿಭಾಗದಲ್ಲಿ ಹೊಲಿಗೆಯವಳು. ಹೊಗೆಯಪ್ಪನ ಮೈಮೇಲಿನ ಹಸಿರು ಬಿಲ್ಲೆಗಳನ್ನು ಒಂದೊಂದಾಗಿ ಹೊಲಿದವಳು ಅವಳೇ. ಹಿಂಗಾಲು ಅವಳ ಬಳಿಗೆ ಹೋದಾಗ ಅವಳು ಡ್ರ್ಯಾಗನ್ನಿನ ಮುಂಗಾಲನ್ನು ಒಳಹೊರಗು ಮಾಡಿ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಬಾಯಲ್ಲಿ ಸೂಜಿ. ಬಲ ಮಂಡಿಯ ಜಾಗದಲ್ಲಿ ಹಳೆಯ ಕಂಬಳಿಯ ತುಂಡನ್ನು ಮಡಿಸಿ, ಮೆತ್ತೆಯಂತೆ ಮಾಡಿ, ದಟ್ಟವಾಗಿ ಹೊಲಿಯುತ್ತಿದ್ದಳು. ಎಡ ಮಂಡಿಗೆ ಅಂಥದೇನೂ ಇರಲಿಲ್ಲ.

ಅವನು ಆ ಮೆತ್ತೆಯನ್ನು ನೋಡಿದನು. ಅವನು ನೋಡಿದ್ದನ್ನು ಅವಳು ನೋಡಿದಳು.

“ನಿಮಗೆ ಗೊತ್ತಿತ್ತಾ ಅತ್ತಿಗೆ?”

ಅವಳು ಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದಳು. “ಬಟ್ಟೆ ಒಗೆಯೋಳಿಗೆ ಗೊತ್ತಾಗಲ್ವೇನೋ? ಒಂದೇ ಕಾಲಿಗೆ ಎಣ್ಣೆ ವಾಸನೆ ಬಂದ್ರೆ ಏನಂದ್ಕೋಬೇಕು?”

“ಹಾಗಾದ್ರೆ ಹೇಳಿ ಅವನಿಗೆ. ಬಿಟ್ಬಿಡು ಅನ್ನಿ.”

“ನಿಮ್ಮಣ್ಣ ನನ್ನ ಮಾತು ಕೇಳಿದ್ದು ಮದುವೆಗೆ ಒಪ್ಕೋ ಅಂದಾಗ ಒಂದ್ಸಲ. ಆಮೇಲೆ ಆ ತಪ್ಪು ಮಾಡಿಲ್ಲ. ನೀನ್ ಹೇಳು.”

“ನನ್ನ ಮಾತು ಕೇಳ್ತಾನಾ?”

“ನಿರ್ದೇಶಕರಿಗೆ ಹೇಳು.”

“ಹೇಳಿದ್ರೆ ಅಣ್ಣ ಜನ್ಮದಲ್ಲಿ ನನ್ನ ಮುಖ ನೋಡಲ್ಲ.”

“ನನ್ನ ಮುಖಾನೂ ನೋಡಲ್ಲ. ಅದಕ್ಕೇ ಮೆತ್ತೆ ಹೊಲೀತಿದೀನಿ.”

ಇಬ್ಬರಿಗೂ ತಿಳಿದಿತ್ತು, ಇಬ್ಬರಿಗೂ ನಾಲಗೆಯಿತ್ತು. ಆದರೆ ಒಬ್ಬರು ಇನ್ನೊಬ್ಬರ ನಾಲಗೆಯನ್ನು ನಂಬಿಕೊಂಡು ಕೈಕಟ್ಟಿ ಕುಳಿತರು. ಮನೆಯಲ್ಲಿ ಊಟದ ಹೊತ್ತಿಗೆ ಮೂವರೂ ಸಿನಿಮಾದ ಬಗ್ಗೆ ಮಾತಾಡಿ ನಗುತ್ತಿದ್ದರು. ವೀರನ ತಗಡಿನ ಕವಚವು ಕುಳಿತರೆ ಏಳಲು ಬಿಡುವುದಿಲ್ಲವಂತೆ, ಎದ್ದರೆ ಕೂರಲು ಬಿಡುವುದಿಲ್ಲವಂತೆ. ಅಣ್ಣನು ಹೊಗೆಯಪ್ಪನ ಸೀನನ್ನೂ ಗೊಣಗಾಟವನ್ನೂ ತಾನೇ ಮಾಡಿ ತೋರಿಸುತ್ತಿದ್ದನು. ನಿರ್ದೇಶಕನಿಗೆ ಆ ದನಿ ಬಹಳ ಹಿಡಿಸಿ, ಡ್ರ್ಯಾಗನ್ನಿನ ಗಂಟಲಿನೊಳಗೆ ಒಂದು ಪುಟ್ಟ ಮೈಕನ್ನು ಕೂರಿಸಿ, “ಒಳಗೆ ಏನ್ ಬೇಕಾದ್ರೂ ಗೊಣಗಿ ಯಜಮಾನ್ರೇ, ಎಲ್ಲಾ ಹಿಡ್ಕೋತೀವಿ” ಎಂದಿದ್ದನು. ಹೀಗೆ ಹೊಗೆಯಪ್ಪನಿಗೆ ಅಣ್ಣನ ಕಾಲಲ್ಲದೆ ಅಣ್ಣನ ದನಿಯೂ ಬಂತು.

ಸೇತುವೆಯ ದೃಶ್ಯದ ದಿನ ಬಂದಿತು.

ಕೋಟೆಯ ಬಾಗಿಲ ಎದುರಿಗೆ ಒಂದು ಹಳ್ಳ ತೋಡಿ, ಅದರ ಮೇಲೆ ಹಲಗೆಯ ಸೇತುವೆ ಕಟ್ಟಿದ್ದರು. ಹಳ್ಳವು ಆಳುದ್ದವೂ ಇರಲಿಲ್ಲ. ತಳದಲ್ಲಿ ಹುಲ್ಲು ಹರಡಿತ್ತು. ಆಚೆಯ ತುದಿಯಲ್ಲಿ ಕಣ್ಣು ಮುಚ್ಚಿ ಈಟಿ ಹಿಡಿದ ವೀರ. ಈಚೆಯಿಂದ ಹೊಗೆಯಪ್ಪ ಬರಬೇಕು, ಸೇತುವೆಯ ನಡುವೆ ನಿಲ್ಲಬೇಕು, ಸೀನಬೇಕು. ಸೀನಿಗೆ ವೀರನು ಹಾರಿಬೀಳಬೇಕು. ಇಷ್ಟೇ ದೃಶ್ಯ. ಆದರೆ ಒಮ್ಮೆ ಹೊಗೆ ಹೆಚ್ಚಾಯಿತು, ಒಮ್ಮೆ ಕಡಿಮೆಯಾಯಿತು, ಒಮ್ಮೆ ವೀರನಿಗೇ ನಿಜವಾದ ಸೀನು ಬಂತು. ಮತ್ತೆ ಮತ್ತೆ ಹಿಂದಕ್ಕೆ ಹೋಗಿ, ಮತ್ತೆ ಮತ್ತೆ ನಡೆದು ಬರಬೇಕಾಯಿತು. ಪ್ರತಿ ಸಲವೂ ಬಲ ಹಿಮ್ಮಡಿಯ ನಡುಕ ಏರುತ್ತಿತ್ತು. ತೊಗಲನ್ನು ಹೊಟ್ಟೆಯಡಿಯಲ್ಲಿ ಕೊಕ್ಕೆಗಳಿಂದ ಮುಚ್ಚಿರುತ್ತಾರೆ. ಅವನ್ನು ಹೊರಗಿನವರೇ ಬಿಚ್ಚಬೇಕು. ಬಿಚ್ಚಿ ಹಾಕಲು ಹೊತ್ತು ಹಿಡಿಯುವುದರಿಂದ ನಡುವೆ ಬಿಚ್ಚಲಿಲ್ಲ. ಬೇಡವೆಂದು ಕೂಗಿ ಹೇಳಿದವನು ಅಣ್ಣನೇ.

“ಅಣ್ಣ, ಸಾಕು ಅನ್ನು” ಎಂದು ಹಿಂಗಾಲು ಅವನ ಬೆನ್ನಿಗೆ ಹೇಳಿದನು. ಸ್ಪಂಜು ಅದನ್ನು ಕುಡಿಯಿತು.

ಕೊನೆಯ ಸಲ ನಡೆದರು. ಸೇತುವೆಯ ನಡುವಿಗೆ ಬರುವ ಮೊದಲೇ, ಓರೆಯಾಗಿ ಅಂಚಿನ ಬಳಿ ಅಣ್ಣನು ನಿಂತುಬಿಟ್ಟನು. ಹಿಮ್ಮಡಿಯು ಈಗ ನಡುಗುತ್ತಿರಲಿಲ್ಲ. ನೆಲದಿಂದ ಬೆರಳಗಲ ಎದ್ದು, ಇಳಿಯಲು ಒಲ್ಲದೆ, ಗಾಳಿಯಲ್ಲಿ ನಿಂತಿತ್ತು. ಹೊಗೆಯ ಯಂತ್ರವು ಬುಸುಗುಟ್ಟುತ್ತಿತ್ತು. ಆಗ ಅಣ್ಣನು ಏನೋ ಹೇಳಿದನು. ಅದರಲ್ಲಿ ಹಿಂಗಾಲಿನ ಕಿವಿಗೆ ಬಿದ್ದದ್ದು ಒಂದೇ ಪದ:

“...ಮುಂದೆ...”

ಅವನ ಕಾಲುಗಳು ಎದ್ದವು. ಮನಸ್ಸು ಇನ್ನೂ ಆ ಹಿಮ್ಮಡಿಯನ್ನು ನೋಡುತ್ತಿತ್ತು. ಕಾಲುಗಳು ಬಾಳಿನುದ್ದಕ್ಕೂ ಮಾಡಿದ್ದನ್ನೇ ಮಾಡಿದವು. ಎರಡೂ ಕೈ ಸೊಂಟಪಟ್ಟಿಯನ್ನು ಬಿಗಿಹಿಡಿದು, ಎದೆಯ ಬಲವನ್ನೆಲ್ಲ ಹಾಕಿ, ಅವನು ಅಣ್ಣನನ್ನು ನೂಕಿದನು.

ಹೊರಗಿನಿಂದ ಕಂಡದ್ದು ಹೀಗೆ: ಹೊಗೆಯಪ್ಪನು ಸೇತುವೆಯ ಅಂಚಿನಲ್ಲಿ ನಿಂತು ನಿಟ್ಟುಸಿರು ಬಿಟ್ಟನು. ಮರುಕ್ಷಣವೇ ತಲೆಮುಂದಾಗಿ ಹಳ್ಳಕ್ಕೆ ಧುಮುಕಿದನು. ಅವನ ಮುಂಭಾಗ ಹಳ್ಳದಲ್ಲಿ, ಹಿಂಭಾಗ ಸೇತುವೆಯ ಮೇಲೆ. ಹಿಂಗಾಲೆರಡೂ ನೆಟ್ಟಗೆ ನಿಂತು, ಪೃಷ್ಠವು ಆಕಾಶವನ್ನು ನೋಡುತ್ತಿತ್ತು. ಉದ್ದನೆಯ ಬಾಲವು ಚಾಟಿಯಂತೆ ಸುತ್ತಿ ಬಂದು ಆಚೆ ತುದಿಯ ವೀರನ ಮೊಣಕಾಲಿಗೆ ಬಡಿಯಿತು. ವೀರನು ತಗಡಿನ ಡಬ್ಬಗಳ ಅಂಗಡಿ ಕುಸಿದಂತೆ ಸದ್ದು ಮಾಡುತ್ತ ಕುಳಿತುಬಿಟ್ಟನು. ಬಳಿಕ ಇಡೀ ಸೆಟ್ಟು ನಕ್ಕಿತು. ಕ್ಯಾಮೆರಾದವನ ಹೆಗಲು ಕುಣಿಯಿತು. ನಿರ್ದೇಶಕನು ಕುರ್ಚಿಯಿಂದ ಇಳಿದು ನೆಲದಲ್ಲಿ ಕುಳಿತು ನಕ್ಕನು. ನಿಲ್ಲಿಸಿ ಎಂದು ಹೇಳಲು ಅವನಲ್ಲಿ ಉಸಿರಿರಲಿಲ್ಲ.

ಒಳಗಿನಿಂದ ಕಂಡದ್ದು ಬೇರೆ. ಹಿಂಗಾಲಿನ ಕಣ್ಣೆದುರು ಹಿಮ್ಮಡಿಗಳಿರಲಿಲ್ಲ. ಕೈಯಲ್ಲಿದ್ದ ಸೊಂಟಪಟ್ಟಿಯು ಕೆಳಕ್ಕೆ ಎಳೆಯುತ್ತಿತ್ತು. ಕೆಳಗಿನ ಕತ್ತಲೆಯಿಂದ ಅಣ್ಣನ ಉಸಿರು ಬಂತು. ಅದು ಮಾತಾಗಲಾರದ ಉಸಿರು.

“ಬಿಚ್ಚಿ! ಯಾರಾದ್ರೂ ಬಿಚ್ಚಿ!” ಎಂದು ಅವನು ಕೂಗಿದನು. ಕೂಗಿದಾಗ ಅವನ ಬೆನ್ನು ಕುಲುಕಿತು. ಬೆನ್ನು ಕುಲುಕಿದಾಗ ಡ್ರ್ಯಾಗನ್ನಿನ ಪೃಷ್ಠವು ಅಲ್ಲಾಡಿತು. ಅದು ಅಲ್ಲಾಡಿದಾಗ ಹೊರಗಿನವರು ಇನ್ನಷ್ಟು ನಕ್ಕರು. ನೆರವಿಗಾಗಿ ಒದ್ದಾಡಿದಷ್ಟೂ ಅವನು ಹಾಸ್ಯವಾಗುತ್ತ ಹೋದನು. ಒದ್ದಾಡದೆ ನಿಂತರೆ ಯಾರೂ ಬರಲಾರರು. ಭಗವಂತನನ್ನು ನೆನೆದನು. ಆ ಸ್ಮರಣೆಯೂ ಸ್ಪಂಜಿನಲ್ಲಿ ಇಂಗಿಹೋಯಿತೋ ಏನೋ ಎಂದು ಅವನಿಗೆ ಆ ಹೊತ್ತಿಗೆ ಅನ್ನಿಸಿತು.

ನಗದೆ ಇದ್ದವಳು ಒಬ್ಬಳೇ. ಅತ್ತಿಗೆಯು ಹಳ್ಳದ ಬದಿಯಲ್ಲಿ, ಕಿತ್ತ ಬಿಲ್ಲೆಗಳನ್ನು ಹೊಲಿಯಲು ಸೂಜಿ ಕತ್ತರಿ ಹಿಡಿದು ನಿಂತಿದ್ದಳು. ತಾನು ಮೆತ್ತೆ ಹಾಕಿದ ಮಂಡಿಯು ಮಡಿಸಬಾರದ ಕಡೆಗೆ ಮಡಿಸಿಕೊಂಡಿರುವುದನ್ನು ಅವಳು ಕಂಡಳು. ಯಾರಿಗೂ ಏನೂ ಹೇಳದೆ ಹಳ್ಳಕ್ಕೆ ಇಳಿದು, ಕೊಕ್ಕೆಗಳನ್ನು ಹುಡುಕದೆ, ತಾನು ಹೊಲಿದ ತೊಗಲನ್ನು ಕತ್ತಿನಿಂದ ಹೊಟ್ಟೆಯವರೆಗೆ ಕತ್ತರಿಸಿದಳು. ಹಸಿರು ಬಿಲ್ಲೆಗಳು ಹುಲ್ಲಿನ ಮೇಲೆ ಉದುರಿದವು. ಆಗ ನಗು ನಿಂತಿತು.

ಆಸ್ಪತ್ರೆಯಲ್ಲಿ ವೈದ್ಯೆಯು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮಂಡಿಯು ಬಹಳ ದಿನದಿಂದ ಸವೆದಿತ್ತು. ಬಿದ್ದ ಪೆಟ್ಟಿಗೆ ಉಳಿದದ್ದೂ ಮುರಿಯಿತು. “ಕೋಲು ಹಿಡ್ಕೊಂಡು ಓಡಾಡ್ಬಹುದು. ಆದ್ರೆ ಕಾಲು ಪೂರ್ತಿ ಮಡಿಸೋಕಾಗಲ್ಲ. ಭಾರ ಹೊರೋದು ಮರೆತುಬಿಡಿ. ಇಷ್ಟು ದಿನ ನೋವಿರಲಿಲ್ವಾ?” ಎಂದು ಕೇಳಿದಳು. ಅಣ್ಣನು ಗೋಡೆಯ ಕಡೆಗೆ ತಿರುಗಿದನು. ಅತ್ತಿಗೆಯೂ ಮೈದುನನೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಹೇಗೆ ಬಿದ್ದಿರೆಂದು ಯಾರು ಕೇಳಿದರೂ ಅಣ್ಣನ ಉತ್ತರ ಒಂದೇ: “ಕಾಲು ಜಾರ್ತು.”

ಹಿಂಗಾಲಿನ ಎದೆಯಲ್ಲಿ ಒಂದು ಮುಳ್ಳು ಮುರಿದು ಉಳಿಯಿತು. ಅಣ್ಣನು ಅಂದು ಏನು ಹೇಳಿದನು? ‘ಮುಂದೆ’ ಎಂದೇ ಆಜ್ಞೆಯಿತ್ತಿದ್ದರೆ ನೂಕಿದ್ದು ಸರಿ. ಆದರೆ ಅಣ್ಣನ ಆಜ್ಞೆಯು ಯಾವಾಗಲೂ ಒಂಟಿ ಪದ, ಬಡಿಗೆಯ ಏಟಿನಂತೆ ಬರುತ್ತಿತ್ತು. ಅಂದಿನ ಪದಕ್ಕೆ ಹಿಂದೊಂದು ಮುಂದೊಂದು ಏನೋ ಅಂಟಿಕೊಂಡಿತ್ತು. ಏನದು? ಮಂಚದ ಬದಿಯಲ್ಲಿ ಕುಳಿತು ಅಣ್ಣನಿಗೆ ಗಂಜಿ ಕುಡಿಸುವಾಗ, ಬೆನ್ನು ಒರಸುವಾಗ, ಕೋಲು ಹಿಡಿದು ಮೊದಲ ಹೆಜ್ಜೆ ಇಡಿಸುವಾಗ ಕೇಳಬೇಕೆಂದು ಬಾಯಿ ತೆರೆಯುತ್ತಿದ್ದನು. ತೆರೆದ ಬಾಯಿಂದ, “ಉಪ್ಪು ಸರಿಯಿದೆಯಾ ಅಣ್ಣ?” ಎಂಬ ಮಾತು ಹೊರಬರುತ್ತಿತ್ತು.

ನಿರ್ದೇಶಕನು ಬಂದನು. ಕಣ್ಣುಗಳು ಕೆಂಪಾಗಿದ್ದವು. “ನಾನು ನಗ್ತಾ ಇದ್ದೆ ಯಜಮಾನ್ರೇ. ನೀವು ಅಲ್ಲಿ ಬಿದ್ದಿದ್ರಿ, ನಾನು ನಗ್ತಾ ಇದ್ದೆ” ಎಂದು ಮುಖ ಮುಚ್ಚಿಕೊಂಡನು. ಅಣ್ಣನೇ ಅವನನ್ನು ಸಮಾಧಾನ ಮಾಡಬೇಕಾಯಿತು. ಉಳಿದ ನಡಿಗೆಯನ್ನೆಲ್ಲ ಕಂಪ್ಯೂಟರಿನವರು ಮಾಡುವರೆಂದು ಅವನು ತಿಳಿಸಿದನು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, ತಪ್ಪು ಮಾಡಿದವನಂತೆ ಕೇಳಿದನು:

“ಆ ಬಿದ್ದ ದೃಶ್ಯ... ಎಲ್ಲರೂ ಇಟ್ಕೋ ಅಂತಿದಾರೆ. ಅಷ್ಟು ನಗು ಇಡೀ ಸಿನಿಮಾದಲ್ಲಿ ಎಲ್ಲೂ ಇಲ್ಲ. ನೀವು ಬೇಡ ಅಂದ್ರೆ ಸುಟ್ಟುಹಾಕ್ತೀನಿ.”

“ಸಿನಿಮಾದಲ್ಲಿ ಹಾಕಬೇಡಿ ಸಾರ್ ಅದನ್ನ” ಎಂದು ಹಿಂಗಾಲು ಎದ್ದು ನಿಂತನು. ಬಾಳಿನಲ್ಲಿ ಹೊರಗಿನವರ ಎದುರು ಅಣ್ಣನಿಗಿಂತ ಮೊದಲು ಅವನು ಮಾತಾಡಿದ್ದು ಅದೇ ಮೊದಲು.

“ಕೂತ್ಕೋ” ಎಂದನು ಅಣ್ಣ. ತಮ್ಮನು ಕೂತನು. “ಹಾಕಿ ಸಾರ್. ಕಾಲು ಹೇಗೂ ಹೋಯ್ತು. ನಗುವಾದ್ರೂ ಉಳೀಲಿ.”

“ನಿಮ್ಮ ದನೀನೂ ಇದೆ ಅದ್ರಲ್ಲಿ. ಅದೂ ಇರ್ಲಾ?”

ಅಣ್ಣನು ತಮ್ಮನ ಕಡೆಗೆ ಒಮ್ಮೆ ನೋಡಿದನು. “ಇರ್ಲಿ.”

ಸಿನಿಮಾ ತೆರೆಗೆ ಬಂದು ಊರೆಲ್ಲ ಮಾತಾಯಿತು. ಅಣ್ಣನು ನೋಡಲೇಬೇಕೆಂದು ಹಟ ಹಿಡಿದನು. ಒಂದು ಮಧ್ಯಾಹ್ನ ಮೂವರೂ ಹೋದರು. ಕಾಲು ಚಾಚಲು ಅನುಕೂಲವಾಗುವಂತೆ ಅಂಚಿನ ಕುರ್ಚಿಯಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ, ಅವಳ ಪಕ್ಕದಲ್ಲಿ ಹಿಂಗಾಲು. ತೆರೆಯ ಮೇಲೆ ಹೊಗೆಯಪ್ಪ ಬಂದನು. ಅವನೊಳಗೆ ಬಗ್ಗಿ ಬೆನ್ನು ಸವೆಸಿದವನು, ಅವನನ್ನು ಹೊರಗಿನಿಂದ ಇಡಿಯಾಗಿ ಕಂಡದ್ದು ಅಂದೇ. ಆ ಪ್ರಾಣಿಯು ಎಷ್ಟು ಚೆನ್ನಾಗಿ ನಡೆಯುತ್ತಿತ್ತು! ಬಲಗಾಲನ್ನು ತಡವಾಗಿ ಊರುವುದರಿಂದ ಅದಕ್ಕೊಂದು ಪೆದ್ದು ಗಾಂಭೀರ್ಯ ಬಂದಿತ್ತು. ಪಕ್ಕದವರು, “ನಡಿಗೆ ನೋಡು, ನಡಿಗೆ!” ಎಂದು ತೋರಿಸಿ ನಗುತ್ತಿದ್ದರು.

ಸೇತುವೆ ಬಂತು. ಡ್ರ್ಯಾಗನ್ ಅಂಚಿನಲ್ಲಿ ನಿಂತಿತು. ಸಭಾಂಗಣವು ಉಸಿರು ಹಿಡಿಯಿತು. ಆಗ ಹೊಗೆಯಪ್ಪನ ಗಂಟಲಿನಿಂದ, ದೊಡ್ಡ ಸ್ಪೀಕರುಗಳ ತುಂಬ, ಅಣ್ಣನ ದನಿಯು ಸ್ಪಷ್ಟವಾಗಿ ಕೇಳಿತು:

“ಇನ್ನು ಮುಂದೆ ನನ್ನ ಕೈಲಾಗಲ್ಲ ಕಣೋ.”

ಹಾಗೆ ಹೇಳಿದ ಮರುಕ್ಷಣವೇ ಡ್ರ್ಯಾಗನ್ ಹಳ್ಳಕ್ಕೆ ಧುಮುಕಿತು.

ಸಭಾಂಗಣ ಸಿಡಿಯಿತು. ಕೈಲಾಗದೆಂದು ಗೊಣಗಿ, ಕೂಡಲೇ ಧುಮುಕುವ ಪ್ರಾಣಿ! ಜನ ಕುರ್ಚಿ ಬಡಿದು ನಕ್ಕರು, ಕಣ್ಣೊರಸಿಕೊಂಡು ನಕ್ಕರು, ಮಕ್ಕಳು ಎದ್ದು ನಿಂತು ಕೇಕೆ ಹಾಕಿದರು. ತೆರೆಯ ಮೇಲೆ ಡ್ರ್ಯಾಗನ್ನಿನ ಪೃಷ್ಠವು ಅಲ್ಲಾಡುತ್ತಿತ್ತು. ಆ ಅಲ್ಲಾಟದ ಒಳಗೆ ತಾನು ಏನೆಂದು ಕೂಗುತ್ತಿದ್ದೆನೆಂಬುದು ಅಲ್ಲಿದ್ದವರಲ್ಲಿ ಒಬ್ಬನಿಗೇ ಗೊತ್ತಿತ್ತು. ಅವನು ಅಂಗೈಗಳನ್ನು ತೊಡೆಯ ಮೇಲೆ ಅಗಲವಾಗಿ ಇಟ್ಟುಕೊಂಡು, ಕದಲದೆ, ದೃಶ್ಯ ಮುಗಿಯುವವರೆಗೂ ನೋಡಿದನು.

ಸಿನಿಮಾ ಮುಗಿದು ಜನ ತೆರವಾಗುವವರೆಗೆ ಹೊರಗಿನ ಹಜಾರದ ಬೆಂಚಿನ ಮೇಲೆ ಕುಳಿತರು. ಅಣ್ಣನ ಕಾಲು ಬೆಂಚಿನ ಉದ್ದಕ್ಕೂ ಚಾಚಿತ್ತು.

“ಅವತ್ತು ನಿನಗೆ ಕೇಳಿಸ್ಲೇ ಇಲ್ವಾ?” ಎಂದು ಅಣ್ಣನೇ ಕೇಳಿದನು.

“ಮುಂದೆ ಅನ್ನೋದಷ್ಟೇ ಕೇಳಿಸ್ತು.”

ಅಣ್ಣನು ಕೋಲಿನ ತುದಿಯನ್ನು ನೆಲದ ಮೇಲೆ ಒಮ್ಮೆ ತಿರುಗಿಸಿದನು. “ಕೇಳಿಸಿಯೂ ನೂಕಿದೆ ಅಂದ್ಕೊಂಡಿದ್ದೆ ನಾನು. ಇನ್ನೊಂದ್ಸಲ ಮಾಡ್ಲಿ, ಸಿನಿಮಾ ಮುಗೀಲಿ ಅಂತ. ಅದಕ್ಕೇ ಯಾರಿಗೂ ಹೇಳ್ಲಿಲ್ಲ.”

“ಅಣ್ಣ!”

“ಈಗ ಗೊತ್ತಾಯ್ತಲ್ಲ ಬಿಡು.”

“ಇಷ್ಟು ದಿನ ಹಾಗೆ ಅಂದ್ಕೊಂಡೇ ನನ್ನ ಕೈಲಿ ಗಂಜಿ ಕುಡಿದ್ಯಾ?”

“ಗಂಜಿ ಚೆನ್ನಾಗಿತ್ತು.”

ಅತ್ತಿಗೆಯು ಚೀಲವನ್ನು ಹೆಗಲಿಗೇರಿಸಿಕೊಂಡು ಎದ್ದಳು. “ಒಬ್ಬರಿಗೆ ಹೇಳಕ್ಕೆ ಬರಲ್ಲ, ಒಬ್ಬರಿಗೆ ಕೇಳಕ್ಕೆ ಬರಲ್ಲ. ಇಬ್ಬರನ್ನೂ ಸೇರಿಸಿ ಹೊಲಿದೆನಲ್ಲ, ನನ್ನ ಕೈಗೆ ಬೆಂಕಿ ಹಾಕ” ಎಂದು ಗೊಣಗುತ್ತ ಬಾಡಿಗೆ ಕಾರು ತರಲು ಹೋದಳು.

ಎದುರಿಗೆ ಒಬ್ಬಳು ಪುಟ್ಟ ಹುಡುಗಿ ತಂದೆಗೆ ಹೊಗೆಯಪ್ಪ ಬಿದ್ದದ್ದನ್ನು ಮಾಡಿ ತೋರಿಸುತ್ತಿದ್ದಳು. ನಯವಾದ ನೆಲದ ಮೇಲೆ ಅಂಗೈಯೂರಿ, “ನನ್ನ ಕೈಲಾಗಲ್ಲ ಕಣೋ!” ಎಂದು ದಪ್ಪ ದನಿ ಮಾಡಿ ಮಗುಚಿಕೊಳ್ಳುವಳು, ನಗುವಳು, ಏಳುವಳು, ಮತ್ತೆ ಮಗುಚಿಕೊಳ್ಳುವಳು. ಅಣ್ಣನು ಬಹಳ ಹೊತ್ತು ಗಮನವಿಟ್ಟು ನೋಡಿದನು. ತಡೆಯಲಾರದೆ ಕರೆದನು:

“ಹಾಗಲ್ಲ ಪುಟ್ಟಿ. ಹಿಂಗಾಲು ಮಡಿಸ್ಬಾರ್ದು. ಅದು ನೆಟ್ಟಗೆ ನಿಂತಿರ್ಬೇಕು. ಮುಂದಿನದು ಮಾತ್ರ ಬೀಳ್ಬೇಕು. ಆಗ್ಲೇ ನಗು ಬರೋದು.”

ಹುಡುಗಿಯು ಹಾಗೆಯೇ ಮಾಡಿದಳು. ಹಜಾರದಲ್ಲಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಿದನು. ಹಿಂಗಾಲು ತಟ್ಟಬೇಕೆಂದು ಕೈ ಎತ್ತಿ, ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಇಳಿಸಿದನು.

ಕಾರು ಬಂತು. ಅದು ಚಿಕ್ಕದು. ಅಣ್ಣನನ್ನು ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂರಿಸಿದರು. ಮಡಿಸಲಾಗದ ಕಾಲನ್ನು ತಮ್ಮನು ಎರಡೂ ಕೈಗಳಿಂದ, ತುಂಬಿದ ಪಾತ್ರೆಯನ್ನು ಎತ್ತುವಂತೆ ಎತ್ತಿ, ಸೀಟಿನ ಮೇಲೆ ಉದ್ದಕ್ಕೆ ಇಟ್ಟನು. ಅತ್ತಿಗೆಯು ಚಾಲಕನ ಪಕ್ಕದಲ್ಲಿ ಕುಳಿತಳು. ಇನ್ನು ಜಾಗವಿರಲಿಲ್ಲ.

“ಇನ್ನೊಂದು ಗಾಡಿ ನೋಡೋಣ ಕಣೋ” ಎಂದನು ಅಣ್ಣ.

“ಬೇಡ. ನೀವು ಹೋಗಿರಿ. ನಾನು ನಡ್ಕೊಂಡು ಬರ್ತೀನಿ.”

ಬಾಗಿಲು ಮುಚ್ಚಿದನು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದನು. ಬಳಿಕ ಮನೆಯ ಕಡೆಗೆ ಹೊರಟನು. ದಾರಿ ಬಹಳ ಇತ್ತು. ಏರು ಬಂತು, ಇಳಿಜಾರು ಬಂತು, ಮತ್ತೆ ಏರು ಬಂತು. ಎಲ್ಲಿಯಾದರೂ ನೋಯಲಿ ಎಂದು ಅವನು ಬೇಕೆಂದೇ ಬೇಗಬೇಗ ನಡೆದನು. ಆದರೆ ಅವನ ಎರಡು ಕಾಲುಗಳೂ ಚೆನ್ನಾಗಿದ್ದವು.